ಲೆಫ್ಟ್ ಕಾರ್ನರಿಗೆ ಯಾರು?

ಅಂಕಲಿಯಲ್ಲಿರುವ ನನ್ನ ಸೋದರಮಾವ ಸುಳ್ಳು ಹೇಳುವವರಲ್ಲ. ಆದರೆ ಅವರು ಸೋಮವಾರ ಹೇಳಿದ ಸತ್ಯ ಮಂಗಳವಾರಕ್ಕೆ ಅನ್ವಯಿಸುವುದಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಇಂಥವರು ಬಹಳ ಮಂದಿ ಗೊತ್ತು; ಅವರೆಲ್ಲ ಚುನಾವಣೆಗೆ ನಿಲ್ಲುತ್ತಾರೆ. ಮಾವ ನಿಂತದ್ದು ಕಬಡ್ಡಿ ಅಂಗಳದಲ್ಲಿ ಮಾತ್ರ.

ಅವರ ಸತ್ಯಗಳೆಲ್ಲ ಒಂದೇ ಪ್ರಶ್ನೆಗೆ ಸಂಬಂಧಿಸಿದವು: ನಮ್ಮ ಸೀಮೆಯಲ್ಲಿ ಇದುವರೆಗೆ ಆಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಲೆಫ್ಟ್ ಕಾರ್ನರ್ ಯಾರು? ಅಂಗಳದ ಎಡತುದಿಯಲ್ಲಿ ಕಾದು ನಿಂತು, ಒಳಗೆ ನುಗ್ಗಿದ ರೇಡರನ ಕಾಲು ಹಿಡಿಯುವವನೇ ಲೆಫ್ಟ್ ಕಾರ್ನರ್. ಆ ಪಟ್ಟಕ್ಕೆ ಇಬ್ಬರ ಹೆಸರು ಕೇಳಿಬರುತ್ತದೆ. ಒಬ್ಬರು ಮಣ್ಣಿನ ಕಾಲದ ಅನಂತಪುರದ ಪೈಲ್ವಾನರು. ತೀರಿಕೊಂಡು ಬಹಳ ವರ್ಷವಾಯಿತು. ಇನ್ನೊಬ್ಬ ಮ್ಯಾಟಿನ ಕಾಲದ ಪಾಲಬಾವಿಯ ಹುಡುಗ. ಅವನ ಆಟ ಎಲ್ಲರ ಮೊಬೈಲಿನಲ್ಲಿದೆ. ಒಬ್ಬರನ್ನು ಕಂಡವರು ಕಡಿಮೆ, ಇನ್ನೊಬ್ಬನನ್ನು ಕಾಣದವರು ಕಡಿಮೆ. ವಾದಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಮಾವನ ಎದುರಾಳಿ ಶಿದ್ರಾಮ ಕಾಕಾ. ಒಂದು ಕಾಲಕ್ಕೆ ಇಬ್ಬರೂ ಅಂಕಲಿಯ ತಂಡದಲ್ಲಿ ಕೈ ಕೈ ಹಿಡಿದು ಸರಪಳಿಯಾಗಿ ಆಡಿದವರು. ಎಡತುದಿಯಲ್ಲಿ ಕಾಕಾ, ಪಕ್ಕದಲ್ಲಿ ಮಾವ. ಈಗ ದಿನಾ ಇಳಿಹೊತ್ತಿಗೆ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂಡುತ್ತಾರೆ.

"ಮಣ್ಣಿನ್ಯಾಗ ಮೊಣಕಾಲ ಕೆತ್ತಿ ಹೋದ್ರೂ ಪೈಲ್ವಾನ್ರು ಹಿಡದ ಕಾಲ ಬಿಡತಿದ್ದಿಲ್ಲ," ಎಂದು ಕಾಕಾ ಶುರುಮಾಡುತ್ತಾರೆ.

"ಆಗಿನ ರೇಡರ್ ಎಲ್ಲಿ ಓಡತಿದ್ದನಲೇ? ದಿನಪೂರ್ತಿ ಕಬ್ಬ ಕಡದ ದಣದ ಬಂದಿರ್ತಿದ್ದ. ಯಾರರ ಹಿಡದ್ರ ಸಾಕು, ಕುಂಡ್ರಾಕ ಸಿಗತೈತಿ ಅಂತ ಕಾಯ್ತಿದ್ದ."

ಮರುದಿನ ಕಾಕಾ, "ಪಾಲಬಾವಿ ಹುಡುಗನ ಚುರುಕ ನೋಡಿಯೇನ?" ಎನ್ನುತ್ತಾರೆ. ಮಾವ ತಕ್ಷಣ ಮಣ್ಣಿನ ಪಕ್ಷಕ್ಕೆ ಬಂದುಬಿಡುತ್ತಾರೆ.

"ಬೂಟ ಹಾಕ್ಕೊಂಡ ಗಾದಿ ಮ್ಯಾಲ ಆಡೂದೇನ ದೊಡ್ಡದು? ಗಾದಿ ಮ್ಯಾಲ ನಮ್ಮನಿಯಾಕಿನೂ ಬಿದ್ದ ಏಳತಾಳ."

ಕೆಲವೊಮ್ಮೆ ಮಾವನಿಗೆ ಮಾತು ಸಾಲುವುದಿಲ್ಲ. ನಿಪ್ಪಾಣಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು, ಪೈಲ್ವಾನರ ಹಿಡಿತ ಎಂಥದ್ದೆಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಜಿಲೇಬಿ ಬಡಿಸುವವರ ಹಿಮ್ಮಡಿ ಕೈಗೆ ನಿಲುಕುವಷ್ಟು ಹತ್ತಿರ ಬಂತು. ಮುಂದಿನದನ್ನು ನಾನು ಕಣ್ಣಾರೆ ಕಂಡೆ: ಬುಟ್ಟಿ ಒಂದು ಕಡೆ, ಮನುಷ್ಯ ಒಂದು ಕಡೆ, ಜಿಲೇಬಿ ಎಲ್ಲ ಕಡೆ.

"ಮಾಮಾ, ಅವರು ಬೀಗರು," ಎಂದೆ.

"ಬೀಗರಾದ್ರೇನ, ಗೆರಿ ದಾಟಿ ಬಂದಿದ್ರಲ್ಲ."

ಅಂದಿನಿಂದ ನಮ್ಮ ಮನೆತನದ ಮದುವೆಗಳಲ್ಲಿ ಮಾವನಿಗೆ ಮಾತ್ರ ಟೇಬಲ್ ಹಾಕಿ ಊಟ.

ಈ ವರ್ಷ ಊರಿನ ಯುವಕ ಮಂಡಳಿಯವರು ಕಬಡ್ಡಿಗೆಂದು ಹೊಸ ಶೆಡ್ಡು ಕಟ್ಟಿದರು. ಸೀಮೆಯ ಸಾರ್ವಕಾಲಿಕ ಏಳು ಆಟಗಾರರ ಹೆಸರನ್ನು ಗೋಡೆಯ ಮೇಲೆ ಬರೆಸುವುದೆಂದು ಠರಾವಾಯಿತು. ಆರು ಹೆಸರು ಒಂದೇ ಬೈಠಕ್ಕಿನಲ್ಲಿ ಮುಗಿದವು. ಹಳೆಯ ಆಟ, ಹೊಸ ಆಟ ಎರಡನ್ನೂ ಕಂಡವರೆಂದು ಲೆಫ್ಟ್ ಕಾರ್ನರ್ ಮಾತ್ರ ಮಾವ ಹೇಳಬೇಕು. ಮಾವ ಹೇಳಲೊಲ್ಲರು. ಭಾನುವಾರ ಉದ್ಘಾಟನೆ.

ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ: "ನಿಮ್ಮ ಖರೇ ಅಭಿಪ್ರಾಯ ಯಾವುದು ಮಾಮಾ? ನಿನ್ನೆ ಒಂದು, ಇವತ್ತು ಒಂದು."

"ಶಿದ್ರಾಮ ಏನಂತಾನ ಅದರ ಮ್ಯಾಲ ಐತಿ ಅಳಿಯಾ."

ಆಮೇಲೆ ಬಿಡಿಸಿ ಹೇಳಿದರು. ಕಾಕಾನಿಗೆ ಮರೆವಿನ ರೋಗ. ಉಂಡದ್ದು ನೆನಪಿಲ್ಲ, ಸೊಸೆಯ ಹೆಸರು ನೆನಪಿಲ್ಲ. ಸಂಜೆಯ ಚಹಾದಂಗಡಿ ನೆನಪಿದೆ, ವಾದ ನೆನಪಿದೆ. ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಮಗ ಕರೆದೊಯ್ಯಲು ಬರುವತನಕ ಅವರನ್ನು ಕುರ್ಚಿಯಲ್ಲಿ ಕೂಡಿಸಿಕೊಳ್ಳಬೇಕು.

"ನಾ ಹೂಂ ಅಂದ್ರ ಮಾತ ಮುಗೀತೈತಿ. ಮಾತ ಮುಗದ್ರ ಎದ್ದ ಹೊಂಡತಾನ. ಹೋದ ತಿಂಗಳ ಬ್ಯಾಸರಾಗಿ ಒಮ್ಮೆ ಹೂಂ ಅಂದೆ. ಹೊಳಿ ದಂಡಿಗೆ ಸಿಕ್ಕ."

ಮಾವ ಹೊಸ ಶೆಡ್ಡಿನ ಕಡೆ ಕೈ ತೋರಿಸಿದರು.

"ಈಗ ಇವ್ರು ಗ್ವಾಡಿ ಮ್ಯಾಲ ಒಂದ ಹೆಸರ ಬರದ ಬಿಟ್ರ, ನಾಳಿಂದ ನಾ ಏನಂತ ಜಗಳ ತಗೀಲಿ?"

ಶನಿವಾರ ಮಂಡಳಿಯ ಅಧ್ಯಕ್ಷನೇ ಮಾವನ ಮನೆಗೆ ಬಂದ. "ಮಾಮಾ, ಇವತ್ತ ಫೈನಲ್ ಮಾಡ್ರಿ. ಪೇಂಟರ್ ಬಂದ ಕುಂತಾನ್ರಿ."

"ಶಿದ್ರಾಮನ ಹೆಸರ ಬರೀರಿ," ಎಂದರು ಮಾವ.

ಅಧ್ಯಕ್ಷ ನನ್ನ ಮುಖ ನೋಡಿದ. ಕಾಕಾ ತಾಲೂಕು ದಾಟಿ ಆಡಿದ್ದೇ ಅಪರೂಪ. "ಚಲೋ ಆಡ್ಯಾರ್ರಿ, ಇಲ್ಲನ್ನಂಗಿಲ್ಲ. ಆದ್ರ ಅವ್ರದ ರೆಕಾರ್ಡ್ ಏನೈತ್ರಿ?"

"ಅಂವನ ಕೈ ಹಿಡದ ಆಡಿದಾಂವ ನಾ ಇನ್ನಾ ಅದೀನಲ್ಲ."

ದಾಖಲೆ ಕೇಳುವುದೇ ನನ್ನ ಉದ್ಯೋಗ. ಆ ಹೊತ್ತು ನಾನು ಕೇಳಲಿಲ್ಲ. ಅಧ್ಯಕ್ಷ, ಮಾವನ ಕುರ್ಚಿಯಿಂದ ತನ್ನ ಕಾಲುಗಳನ್ನು ಸ್ವಲ್ಪ ದೂರ ಸರಿಸಿಕೊಂಡು, ಆಯಿತೆಂದ.

ಭಾನುವಾರ ಹಾರ, ಭಾಷಣ, ಪೇಢೆ ಎಲ್ಲ ಮುಗಿದ ಮೇಲೆ ಕಾಕಾ ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಇಲ್ಲಿ ನನ್ನ ಹೆಸರ ಯಾಕ ಬರದಾರಲೇ? ನಾ ಯಾವಾಗ ಆಡೀನಿ?"

ಪೈಲ್ವಾನರ ಆಟ ನೆನಪಿತ್ತು, ಪಾಲಬಾವಿಯವನದೂ ನೆನಪಿತ್ತು. ತಮ್ಮದು ಹೋಗಿಬಿಟ್ಟಿತ್ತು.

"ಪೈಲ್ವಾನ್ರನ್ನ ಬಿಟ್ಟ ನನ್ನ ಬರದಾರಂದ್ರ ಇವ್ರಿಗೆ ಬುದ್ಧಿ ಐತೇನ?"

ಕಾಕಾ ಏನೆಂದರೂ ಅದಕ್ಕೆ ಎದುರು ಹೇಳುವುದು ಮಾವನ ರೂಢಿ. ಕುರ್ಚಿ ಎಳೆದು ಅವರನ್ನು ಕೂಡಿಸಿದರು, ತಾವೂ ಕೂತರು. ಮಾವ ಕಾಕಾನನ್ನು ಎದುರಿಗೆ ಹೊಗಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಆಡಿಲ್ಲಂತಿಯಾ? ರಾಯಬಾಗದ ಮ್ಯಾಚಿನ್ಯಾಗ ಆ ಉದ್ದನ್ನ ರೇಡರ್‌ನ ಕಾಲ ಹಿಡದಿ. ಅಂವ ನಿನ್ನ ಗೆರಿತನಕ ಎಳಕೊಂಡ ಹೊಂಟ. ಬಿಟ್ಟಿಯೇನ ನೀ?"

"ಸುಳ್ಳ ಹೇಳಬ್ಯಾಡ."

"ಗದ್ದ ಒಡದ ರಕ್ತ ಬಂತು. ಅರಿಶಿಣ ಹಚ್ಚಿದಾಂವ ನಾನ. ಮುಟ್ಟಿ ನೋಡ್ಕೊ."

ಕಾಕಾ ಗದ್ದ ಮುಟ್ಟಿಕೊಂಡರು. ಗಡ್ಡದ ನಡುವೆ ಹಳೆಯ ಗಾಯದ ಗೆರೆ ಬೆರಳಿಗೆ ಸಿಕ್ಕಿತು. ಬೆರಳನ್ನು ಅಲ್ಲೇ ಇಟ್ಟುಕೊಂಡರು.

ಮಗ ಬೈಕು ನಿಲ್ಲಿಸಿ ಒಳಗೆ ಬಂದ. "ಅಪ್ಪಾ, ನಡೀರಿ."

ಕಾಕಾ ಇನ್ನೊಂದು ಕೈ ಎತ್ತಿ ಅವನನ್ನು ತಡೆದರು.

"ಒಂಚೂರ ನಿಂದ್ರೋ. ಮುಂದೇನಾತು ಕೇಳೂಣು."