ಮೇಷ್ಟ್ರ ಮೊಣಕಾಲು, ಬೂಬಮ್ಮನ ಟೀವಿ

ನಗೋ ಸಂಗತಿ ಹುಡುಕ್ಕೊಂಡು ನಾನೆಂದೂ ಹೋದವನಲ್ಲ. ಅವೇ ಕುಂಟಿಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದವು. ತೊಂಬತ್ತರ ದಶಕದ ಕೊನೆಗೆ ಚಿತ್ರದುರ್ಗದ ಒಂದು ಗಲ್ಲಿಯಲ್ಲಿ ನನ್ನದೊಂದು ಫಿಸಿಯೋಥೆರಪಿ ರೂಮಿತ್ತು. ಒಂದು ಮಂಚ, ಒಂದು ಪರದೆ, ರೇಡಿಯೋ ಅಲೆಯಿಂದ ಮೈಯೊಳಗೆ ಬಿಸಿ ಹುಟ್ಟಿಸೋ ಒಂದು ಮಷಿನ್ನು. ಊರವರು ಅದಕ್ಕೆ ‘ಕರೆಂಟ್ ಕೊಡೋದು’ ಅನ್ನೋರು, ನನಗೆ ‘ಕರೆಂಟ್ ಡಾಕ್ಟ್ರು’. ನಾನು ಡಾಕ್ಟ್ರಲ್ಲ ಅಂತ ಹೇಳಿ ಹೇಳಿ ಸಾಕಾಗಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷ. ಮನೆಗೆ ಹೋದರೆ ಮಾತಿಗೆ ಗೋಡೆ ಬಿಟ್ಟು ಯಾರೂ ಇರಲಿಲ್ಲ.

೧. ನೋವು ಕೆಳಗೆ, ಮದ್ದು ಮೇಲೆ

ಒಂದು ಸಂಜೆ ಒಬ್ಬ ಪಿ.ಟಿ. ಮೇಷ್ಟ್ರು ಬಂದರು. ಐಮಂಗಲದ ಕಡೆ ಹೈಸ್ಕೂಲಲ್ಲಿ ಕೆಲಸ, ದುರ್ಗದಲ್ಲಿ ಬಾಡಿಗೆ ರೂಮು. ನಲವತ್ತೈದು ದಾಟಿತ್ತು. ತಂಗಿಯರ ಮದುವೆ ಮಾಡಿ ಮುಗಿಸೋದರೊಳಗೆ ತನ್ನ ಮದುವೆ ವಯಸ್ಸು ಮುಗಿದಿತ್ತು. ಓಟ ಒಂದೇ ಉಳಿದಿದ್ದು.

“ಇನ್ನು ಮೂರು ತಿಂಗಳಿಗೆ ಹಿರಿಯೂರಿಂದ ದುರ್ಗದ ತನಕ ಓಟ ಐತೆ. ಓಡ್ಲೇಬೇಕು. ಆದ್ರೆ ನಾಕು ಮೈಲಿ ಆಯ್ತು ಅಂದ್ರೆ ಎಡ ಮೊಣಕಾಲ ಪಕ್ಕ ಚಾಕು ಹಾಕ್ದಂಗೆ ಆಗ್ತೈತೆ.”

ನಾನು ಸೊಂಟ ಒತ್ತಿ ನೋಡಿದೆ. “ಸ್ವಾಮಿ, ಮೊಣಕಾಲು ಕೆಳಗೈತ್ರಿ” ಅಂದರು.

“ಎಲ್ಲೈತೆ ಅಂತ ನನಗೂ ಗೊತ್ತು ಕಣ್ರಿ. ಸೊಂಟದಿಂದ ತೊಡೆ ಹೊರಬದಿಗೆ ಮೊಣಕಾಲ ತನಕ ಒಂದು ಅಗಲ ಪಟ್ಟಿ ಐತೆ. ಸೊಂಟದಲ್ಲಿ ಬಲ ಇಲ್ದಿದ್ರೆ ಅದು ಬಿಗಿದು ಮೊಣಕಾಲ ಹತ್ರ ನೋಯ್ತೈತೆ. ದಿನಾ ಹೈವೇ ಎಡ ಅಂಚಿಗೇ ಓಡ್ತೀರಾ?”

“ರೂಲ್ಸ್ ಹಂಗೇ ಅಲ್ವೇನ್ರಿ?”

“ಅಂಚು ಇಳಿಜಾರು. ನಿಮ್ಮ ಎಡಗಾಲು ದಿನಾ ತಗ್ಗಿಗೆ ಬೀಳ್ತೈತೆ.”

ಮೇಷ್ಟ್ರು ಗಂಭೀರವಾಗಿ, “ರಸ್ತೆ ಮಟ್ಟ ಮಾಡಿ ಅಂತ ಅರ್ಜಿ ಯಾರಿಗೆ ಬರೀಬೇಕು?” ಅಂದರು.

ಮಷಿನ್ ಹಾಕಿದ್ದೇ ತಡ, ಗೋಡೆಯಾಚೆಯಿಂದ ಕೂಗು ಬಂತು. ಪಕ್ಕದ ಮನೆ ಬೂಬಮ್ಮ, ಒಂಟಿ ಮುದುಕಿ. ಮಷಿನ್ ಶುರುವಾದರೆ ಅವಳ ಟೀವಿ ತುಂಬ ಗೆರೆ. “ಏ ಕರೆಂಟಪ್ಪ! ಸೊಸೆ ವಿಷ ಹಾಕೋ ಹೊತ್ತಿಗೇ ಹಚ್ತೀಯಲ್ಲೋ! ಯಾರು ಸತ್ರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

೨. ಸಾಮೂಹಿಕ ವ್ಯಾಯಾಮ

ಕರೆಂಟು ನೋವಿಗಷ್ಟೇ, ಬಲಕ್ಕೆ ವ್ಯಾಯಾಮವೇ ಬೇಕು ಅಂತ ಹೇಳಿದ್ದೆ. ಬಲಮಗ್ಗುಲಿಗೆ ಮಲಗಿ ಎಡಗಾಲು ಎತ್ತಿ ಇಳಿಸೋದು. ಒಬ್ಬರೇ ಮಾಡೋಕೆ ಬೇಜಾರಂತೆ. ಮೇಷ್ಟ್ರು ಇಡೀ ಕ್ಲಾಸನ್ನೇ ಮೈದಾನದಲ್ಲಿ ಮಲಗಿಸಿಬಿಟ್ಟರು. ನಲವತ್ತು ಕಾಲು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ.

ಅದೇ ಹೊತ್ತಿಗೆ ಇನ್‌ಸ್ಪೆಕ್ಷನ್‌ಗೆ ಸಾಹೇಬರು ಬರಬೇಕೆ! ಹೆಡ್‌ಮಾಸ್ಟರು ಬೆವರಿಳಿಸಿಕೊಂಡು, “ಸೊಂಟಕ್ಕೆ ಒಳ್ಳೇದು ಸಾರ್” ಅಂದರಂತೆ.

ಸಾಹೇಬರು ಹೆಡ್‌ಮಾಸ್ಟರ್ ಕಿವಿ ಹತ್ತಿರ ಬಗ್ಗಿ, “ನಂದೂ ಹಿಡ್ಕೊಂಡೈತೆ. ಯಾವ ಮಗ್ಗುಲಿಗೆ ಮಲಗ್ಬೇಕು?” ಅಂದರಂತೆ.

೩. ಓದಿದ್ದಲ್ಲ, ಹುಟ್ಟಿದ್ದು

ದಿನಾ ಐದೂವರೆಗೆ ಮೇಷ್ಟ್ರು ಬರೋರು. ಅರ್ಧ ಗಂಟೆ ಮಾತು. ಆ ಅರ್ಧ ಗಂಟೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಒಂದಿನ ಮಾತಿನ ಭರದಲ್ಲಿ, ನಾನು ಕಾಲು ಮುಂದಾಗಿ ಹುಟ್ಟಿದವನು ಅಂದೆ. ಮೇಷ್ಟ್ರು ಅದನ್ನ ಬಸ್ಸಲ್ಲಿ ಹೇಳಿದರು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತೆ ಅನ್ನೋದು ನಮ್ಮ ಕಡೆ ನಂಬಿಕೆ. ಮುಗೀತು ಕಥೆ.

ಮರುದಿನ ಬಾಗಿಲು ತೆಗೆದರೆ ಸೊಂಟ ಹಿಡಿದುಕೊಂಡ ಏಳು ಜನ. ಹರಿಯಬ್ಬೆಯಿಂದ ಬಂದ ಅಜ್ಜಿ ಬೆನ್ನು ತಿರುಗಿಸಿ ನಿಂತೇಬಿಟ್ಟಳು. “ಒಂದ್ ಸಲ ಒದ್ದುಬಿಡಪ್ಪ, ಉಳುಕು ಹೋಗ್ತೈತೆ.”

“ಅಜ್ಜಿ, ನಾನು ಓದಿದೀನಿ. ಮಷಿನ್ ಐತೆ, ಒದೆಯೋದೇನು?”

“ಓದೋದು ಯಾರು ಬೇಕಾದ್ರೂ ಓದ್ತಾರೆ. ಕಾಲು ಮುಂದಾಗಿ ಹುಟ್ಟಾಕೆ ಪುಣ್ಯ ಬೇಕು!”

ಬೇರೆ ದಾರಿ ಕಾಣದೆ ಕಾಲಿನ ಬೆರಳಲ್ಲಿ ಮೆಲ್ಲಗೆ ತಾಕಿಸಿದೆ. ಅಜ್ಜಿ ತಿರುಗಿ ನೋಡಿ, “ಊಟ ಮಾಡಿಲ್ವೇನಪ್ಪ?” ಅಂದಳು.

೪. ಗೆರೆ ಇಲ್ಲದ ಟೀವಿ

ಓಟದ ದಿನ ಬಂತು. ಮೇಷ್ಟ್ರು ಕೊನೆಯಿಂದ ಎರಡನೆಯವರಾಗಿ ದುರ್ಗ ಮುಟ್ಟಿದರು, ಒಂದು ಚೂರೂ ಕುಂಟದೆ. ಊರವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಂದೇ ಯೋಚನೆ. ವಾಸಿಯಾದವರು ಯಾರಾದರೂ ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆಯೇ? ನಮ್ಮ ಕಸುಬೇ ಅಂಥದ್ದು.

ಸೋಮವಾರ ಐದೂವರೆಗೆ ಬಾಗಿಲಲ್ಲಿ ಮೇಷ್ಟ್ರು. “ಮತ್ತೆ ಹಿಡ್ಕೊಂಡೈತ್ರಿ” ಅಂದರು. ಇನ್ನೊಬ್ಬರ ನೋವಿಗೆ ಅಷ್ಟು ಖುಷಿಪಟ್ಟಿದ್ದು ಜೀವಮಾನದಲ್ಲಿ ಅದೊಂದೇ ಸಲ.

ದುರದೃಷ್ಟ ನೋಡಿ, ಅದೇ ವಾರ ಮಷಿನ್ ಒಳಗೆ ಏನೋ ಸುಟ್ಟುಹೋಯಿತು. ದೀಪ ಹತ್ತುತ್ತೆ, ಬಿಸಿ ಇಲ್ಲ. ಹೇಳಿದರೆ ಮೇಷ್ಟ್ರು ದಾವಣಗೆರೆಯ ಬೇರೆ ಮಷಿನ್ನಿಗೆ ಹೋಗಿಬಿಟ್ಟರೆ? ಬಾಯಿ ಮುಚ್ಚಿಕೊಂಡು ಸತ್ತ ಮಷಿನ್ನನ್ನೇ ಹಚ್ಚಿದೆ. “ಬಿಸಿ ಸಾಕಾ ಮೇಷ್ಟ್ರೇ?” ಅಂದೆ. “ಹದವಾಗೈತೆ” ಅಂದರು. ಒಂದಿನ ಅವರು ಬಲಗಾಲು ಕುಂಟುತ್ತಾ ಬಂದರು. ನಾನೂ ಬಲಗಾಲಿಗೇ ಹಚ್ಚಿದೆ.

ಹೀಗೇ ಎರಡು ತಿಂಗಳು. ಆಮೇಲೆ ಒಂದು ಸಂಜೆ ಬೂಬಮ್ಮ ಪರದೆ ಸರಿಸಿ ಒಳಗೇ ಬಂದಳು. “ಏನಪ್ಪ, ಮಷಿನ್ ಕೆಟ್ಟೈತಾ? ಎರಡು ತಿಂಗಳಿಂದ ಟೀವೀಲಿ ಒಂದು ಗೆರೆ ಇಲ್ಲ!”

ನಾನು ಸುಮ್ಮಸುಮ್ಮನೆ ಮಷಿನ್ನಿನ ಗುಂಡಿ ತಿರುಗಿಸತೊಡಗಿದೆ. ಮಂಚದ ಮೇಲಿಂದ ಮೇಷ್ಟ್ರು ಮೆಲ್ಲಗೆ, “ನನಗೆ ಮೊದಲ ದಿನಾನೇ ಗೊತ್ತಾಯ್ತು” ಅಂದರು.

“ಮತ್ತೆ ಹದವಾಗೈತೆ ಅಂದ್ರಿ?”

“ನೋವೇ ಇಲ್ದಿದ್ರೆ ಯಾವ ಬಿಸಿಯಾದ್ರೂ ಹದಾನೇ ಕಣ್ರಿ. ರೂಮಿಗೆ ಹೋಗಿ ಏನ್ ಮಾಡ್ಲಿ? ನೀವು ಬರಬ್ಯಾಡ ಅಂದ್ಬಿಡ್ತೀರ ಅಂತ ಹೆದರ್ಕಂಡಿದ್ದೆ.”

ಬೂಬಮ್ಮ ಇಬ್ಬರನ್ನೂ ನೋಡಿದಳು. “ಮಷಿನ್ನೂ ಇಲ್ಲ, ನೋವೂ ಇಲ್ಲ. ಇಲ್ಲಿ ಪರದೆ ಹಾಕ್ಕೊಂಡು ಯಾಕೆ ಕುಂತೀರಿ? ನಮ್ಮನೇಗೆ ಬರ್ರಿ, ಟೀವಿ ನೋಡ್ರಿ. ಗೆರೆ ಹೋದಾಗಿಂದ ನಂಗೂ ಬೈಯಾಕೆ ಯಾರೂ ಇಲ್ಲ.”

ಮರುದಿನ ಐದೂವರೆಗೆ ನಾನು ಬೂಬಮ್ಮನ ಮನೆ ಚಾಪೆ ಮೇಲೆ ಕೂತು ಚಾ ಕುಡಿಯುತ್ತಿದ್ದೆ. ಮೇಷ್ಟ್ರು ಅಭ್ಯಾಸ ಬಿಡದೆ ಕುಂಟಿಕೊಂಡೇ ಬಂದರು.