ಮಹಾನಟರು ನಮ್ಮ ಗ್ಯಾರೇಜಿಗೆ ಬಂದ ಪ್ರಸಂಗ

ಕಾರು ಓಡಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಿಂದ ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಅತ್ತೆ ಮಾವನನ್ನು, ನಾದಿನಿಯನ್ನು, ನಾದಿನಿಯ ಗೆಳತಿಯನ್ನು, ಅವರೆಲ್ಲರ ಉಪ್ಪಿನಕಾಯಿ ತುಂಬಿದ ಸೂಟ್‌ಕೇಸುಗಳನ್ನು ಇಷ್ಟು ವರ್ಷ ಸಾಗಿಸಿದವಳು ನಾನೇ. ಹಾಗಾಗಿ ಪಕ್ಕದ ಮನೆಯ, ನಾನು ಅಕ್ಕ ಎಂಬಂತೆ ಚೇಚಿ ಎಂದು ಕರೆಯುವ ಶೋಭಾ ಚೇಚಿ ಬಂದು, ತಮ್ಮ ಮಲಯಾಳಿ ಬಳಗದ ಓಣಂ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಬರುತ್ತಿದ್ದಾರೆ, ಏರ್‌ಪೋರ್ಟಿನಿಂದ ಹೇವರ್ಡ್‌ನ ಸಭಾಂಗಣಕ್ಕೆ ಕರೆತರಲು ನಿನ್ನ ದೊಡ್ಡ ಗಾಡಿ ಆಗಬಹುದಾ ಎಂದಾಗ ಧಾರಾಳವಾಗಿ ಒಪ್ಪಿಕೊಂಡೆ. ಅತಿಥಿ ಯಾರೆಂದು ಕೇಳಿದ್ದು ಆಮೇಲೆ. ಕೇಳಿದವಳು ಹಾಗೇ ಸೋಫಾದ ಮೇಲೆ ಕುಸಿದೆ.

ಬರುವವರು ಅವರು! ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಮರ್ಯಾದೆಗೇನೂ ಕುಂದಿಲ್ಲ, ನನ್ನದು ಪೂರ್ತಿ ಹೋಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಮನೆಯ ಹತ್ತಿರದ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಮಲಯಾಳಂ ಸಿನಿಮಾ ಹಾಕುತ್ತಿದ್ದರು. ಅಪ್ಪನಿಗೆ ಮಲಯಾಳಂ ಅರ್ಧ ಬರುತ್ತಿತ್ತು. ಉಳಿದರ್ಧ ಕಥೆಯನ್ನು ಅವರೇ ಕಟ್ಟಿ ನನ್ನ ಕಿವಿಯಲ್ಲಿ ತುಳುವಿನಲ್ಲಿ ಹೇಳುತ್ತಿದ್ದರು. ಹಾಗೆ ನೋಡಿದ ಒಂದು ಸಿನಿಮಾದ ಕೊನೆಯಲ್ಲಿ ದೋಣಿ ನಡೆಸುವ ನಾಯಕ ತುಂಬಿದ ಹೊಳೆಗೆ ಹಾರಿ ಯಾರದೋ ಮಗುವನ್ನು ದಡಕ್ಕೆ ಹಾಕಿ ತಾನು ಮುಳುಗಿಹೋದ. ನಾನು ಟಾಕೀಸು ಹಾರಿಹೋಗುವ ಹಾಗೆ ಅತ್ತೆ. ಐಸ್‌ಕ್ರೀಮು ಕೊಡಿಸಿದರೂ ಅಳು ನಿಲ್ಲಲಿಲ್ಲ. ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲವಂತೆ. ಮುಂದಿನ ಭಾನುವಾರ ಅಪ್ಪ ನನ್ನನ್ನು ಮತ್ತೆ ಅದೇ ಟಾಕೀಸಿಗೆ ಎತ್ತಿಕೊಂಡು ಹೋದರು. ಪರದೆಯ ಮೇಲೆ ಅದೇ ಮೀಸೆಯ ಮನುಷ್ಯ ಜೀಪಿನ ಮೇಲೆ ನಿಂತು ಗಹಗಹಿಸಿ ನಗುತ್ತಿದ್ದರು. ನೋಡು, ಈಜಿ ಬಂದಿದ್ದಾರೆ, ಎಂದರು ಅಪ್ಪ.

ಅಂದಿನಿಂದ ನನಗೆ ಅವರೆಂದರೆ ದೇವರು. ಪಿಯುಸಿಯಲ್ಲಿ ಗಣಿತದಲ್ಲಿ ಮುಳುಗಿದಾಗ, ಇಲ್ಲಿಗೆ ಬಂದ ಹೊಸತರಲ್ಲಿ ಕೆಲಸ ಹೋಗಿ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಮಂಕಾಗಿ ಕೂತಿದ್ದಾಗ, ಅವರು ಈಜಿ ಬಂದದ್ದನ್ನು ನೆನೆದೇ ಎದ್ದಿದ್ದೆ. ಈ ಮಾತನ್ನು ಒಮ್ಮೆ ಅವರ ಮುಂದೆ ಹೇಳದಿದ್ದರೆ ನನ್ನ ಜನ್ಮಕ್ಕೆ ಅರ್ಥವೇ ಇಲ್ಲ ಎಂದು ತೀರ್ಮಾನಿಸಿದೆ.

ಹಾಗಾಗಿ ತಾಲೀಮು ಶುರುವಾಯಿತು. ನನ್ನ ಗಂಡ ಪ್ರಕಾಶ ಮೈಸೂರಿನವರು. ಅವರನ್ನು ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಮಹಾನಟರ ಸ್ಥಾನದಲ್ಲಿ ಕೂರಿಸಿ, ಮುಂದಿನ ಸೀಟಿನಿಂದ ನನ್ನ ಹರಕು ಮಲಯಾಳಂನಲ್ಲಿ ಭಾಷಣ ಒಪ್ಪಿಸುತ್ತಿದ್ದೆ. ಅವರು ಪ್ರತಿ ಸಲವೂ ಆಕಳಿಸುತ್ತಿದ್ದರು.

“ಅಲ್ಲಾ ಕಣೇ, ನಿಮ್ಮ ಸಿನಿಮಾ ನೋಡಿ ಅತ್ತಿದ್ದೆ ಅಂತ ಹೇಳೋಕೆ ಇಷ್ಟೊಂದು ರಿಹರ್ಸಲ್ಲಾ?” ಎಂದರು.

“ನಿಮಗೆ ಅದೆಲ್ಲ ಗೊತ್ತಾಗುವುದಿಲ್ಲ ಮಾರಾಯ್ರೆ, ಸುಮ್ಮನೆ ಕೂತುಕೊಳ್ಳಿ,” ಎಂದೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಏರ್‌ಪೋರ್ಟಿನಲ್ಲಿ ತಂಡದವರೆಲ್ಲ ಸಾಮಾನಿನ ಜೊತೆ ಬೇರೆ ವ್ಯಾನು ಹತ್ತಿದರು. ಮಹಾನಟರೊಬ್ಬರೇ ನನ್ನ ಗಾಡಿಯತ್ತ ನಡೆದುಬಂದರು. ಕೂದಲು ನರೆತಿತ್ತು, ನಡಿಗೆ ಮಾತ್ರ ಅದೇ. ಕಪ್ಪು ಕನ್ನಡಕ ತೆಗೆದು, ಕೈಮುಗಿದು, ಆ ಗಂಭೀರ ದನಿಯಲ್ಲಿ ನಮಸ್ಕಾರ ಎಂದರು. ತಿಂಗಳಿಡೀ ಉರು ಹೊಡೆದ ಭಾಷಣದಲ್ಲಿ ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. ಕಷ್ಟಪಟ್ಟು ಬಾಯಿ ತೆರೆದಾಗ ಹೊರಬಿದ್ದದ್ದು ಎರಡೇ ಶಬ್ದ.

“ಸೀಟ್ ಬೆಲ್ಟ್.”

ಅವರು ವಿನಯದಿಂದ ಹಾಕಿಕೊಂಡರು. ಮಗಳ ಬೂಸ್ಟರ್ ಸೀಟಿನ ಮೇಲೆ ಮೊಣಕೈ ಊರಿ, ಫ್ರೀವೇ ಸೇರುವ ಮೊದಲೇ ನಿದ್ದೆಹೋದರು. ಅಷ್ಟರಲ್ಲಿ ಜಿಪಿಎಸ್ ಹೆಂಗಸು ಏರುದನಿಯಲ್ಲಿ ಎಡಕ್ಕೆ ಹೋಗು, ಬಲಕ್ಕೆ ಹೋಗು ಎನ್ನತೊಡಗಿದಳು. ಇಂಥವರ ನಿದ್ದೆ ಕೆಡಿಸಲು ಇವಳು ಯಾರು? ಅವಳ ಬಾಯಿ ಮುಚ್ಚಿಸಿದೆ. ಫೋನನ್ನೇ ಬೋರಲು ಹಾಕಿದೆ.

ಆಮೇಲೆ ದಾರಿಯುದ್ದಕ್ಕೂ ನಾನು ಕಂಡದ್ದು ಕನ್ನಡಿಯಲ್ಲಿ ಅವರ ಮುಖವನ್ನು. ಅಪ್ಪನ ತೊಡೆಯ ಮೇಲೆ ಕೂತು ನಾನು ಕತ್ತೆತ್ತಿ ನೋಡುತ್ತಿದ್ದ ಮುಖ ಈಗ ನನ್ನ ಹಿಂದೆ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಆ ಗೊರಕೆಯೂ ನನಗೆ ಘನವಾಗಿ ಕೇಳಿಸಿತು. ಎಂಥ ಭಾಗ್ಯ ನನ್ನದು ಎಂದು ಕಣ್ಣು ಒದ್ದೆಯಾಯಿತು. ಏರ್‌ಪೋರ್ಟಿನಿಂದ ನೆಂಟರನ್ನು ತಂದು ತಂದು ಪಳಗಿದ ನನ್ನ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡು ಹೋದವು. ಸೇತುವೆ ದಾಟಿ ಹೇವರ್ಡಿಗೆ ಹೋಗಬೇಕಿತ್ತಲ್ಲ, ಸೇತುವೆ ಎಲ್ಲೂ ಬರಲೇ ಇಲ್ಲವಲ್ಲ ಎಂಬ ಪ್ರಶ್ನೆ ನನಗೆ ಬಂದದ್ದು ಎದುರಿಗೆ ನಮ್ಮದೇ ಗ್ಯಾರೇಜಿನ ಬಾಗಿಲು ಗರಗರ ಮೇಲೆದ್ದಾಗ. ಗುಂಡಿ ಒತ್ತಿದ್ದೂ ನಾನೇ!

ಒಳಗೆ ಪ್ರಕಾಶ ಬನಿಯನ್, ಲುಂಗಿಯಲ್ಲಿ ನಿಂತು ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದರು. ಕಾರಿನೊಳಗೆ ಇಣುಕಿದರು. ಕೈಯಲ್ಲಿದ್ದ ಟವೆಲನ್ನು ಹೊದ್ದುಕೊಂಡರು.

ಮಹಾನಟರು ಕಣ್ಣು ಬಿಟ್ಟರು. ಅಕ್ಕಿಯ ಮೂಟೆ, ಮಗಳ ಸೈಕಲ್ಲು, ಟವೆಲು ಹೊದ್ದ ನನ್ನ ಗಂಡ, ಎಲ್ಲವನ್ನೂ ನಿಧಾನವಾಗಿ ನೋಡಿ, ಇದೇ ಸಭಾಂಗಣವೇ ಎಂದು ಕೇಳಿದರು. ಅಲ್ಲ ಸರ್, ನಮ್ಮ ಗ್ಯಾರೇಜು, ಎಂದೆ. ಅವರು, ಹಾಗಿದ್ದರೆ ಬಾತ್‌ರೂಮು ಇರಬೇಕಲ್ಲ ಎಂದರು.

ಅವರು ಒಳಗೆ ಹೋದದ್ದೇ ತಡ, ಶೋಭಾ ಚೇಚಿಯ ಫೋನು. ಚೆಂಡೆಯವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ, ಎಲ್ಲಿದ್ದೀಯಾ ಎಂದರು. ಟ್ರಾಫಿಕ್ಕು ಎಂದೆ. ಇಲ್ಲಿ ಆ ಮಾತನ್ನು ನಂಬದವರಿಲ್ಲ.

ಹೊರಬಂದ ಮಹಾನಟರು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗರಳಿಸಿ, ಕುಚ್ಚಲಕ್ಕಿಯಾ ಎಂದರು. ಒಲೆಯ ಮೇಲೆ ನಮ್ಮ ಗಂಜಿ ಇತ್ತು. ವಿಮಾನದವರು ಕೊಟ್ಟದ್ದು ಯಾವುದೂ ಗಂಟಲಲ್ಲಿ ಇಳಿದಿರಲಿಲ್ಲವಂತೆ. ಬಡಿಸಿದೆ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಅವರು ನಮ್ಮ ಮಗಳ ಕಾರ್ಟೂನು ಬಟ್ಟಲಿನಲ್ಲಿ ಗಂಜಿ ಉಣ್ಣುವುದನ್ನು ನೋಡುತ್ತ ನಿಂತಾಗ ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ದೋಣಿ, ಹೊಳೆ, ನನ್ನ ಅಳು, ಮರುವಾರದ ಜೀಪು, ಗಣಿತ, ಕಾರ್ಪೆಟ್ಟು, ಒಂದನ್ನೂ ಬಿಡಲಿಲ್ಲ.

ಅವರು ಚಮಚ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು.

“ಹೊಳೆಗೆ ಹಾರಿದ್ದು ನಾನಲ್ಲಮ್ಮ. ಅದು ಇನ್ನೊಬ್ಬರು. ನನಗೆ ಈಜು ಬರುವುದಿಲ್ಲ.”

ಇವರಿಗೆ ಸರಿಸಮನಾದ ಆ ಇನ್ನೊಬ್ಬ ನಟರು ಯಾರೆಂದು ನಿಮಗೆ ಗೊತ್ತು. ಇಡೀ ಕೇರಳ ಇವರ ಕಡೆಯವರು, ಅವರ ಕಡೆಯವರು ಎಂದು ಎರಡಾಗಿ ಜಗಳವಾಡುತ್ತಿದ್ದದ್ದೇ ಈ ಇಬ್ಬರ ಹೆಸರಿನಲ್ಲಿ. ಇವರನ್ನು ಅಪಹರಿಸಿ ತಂದು, ಎದುರು ಕೂರಿಸಿಕೊಂಡು ಅವರನ್ನು ಹೊಗಳಿದ್ದೆ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾಲದ್ದಕ್ಕೆ ಪ್ರಕಾಶ ನನ್ನ ಕಿವಿಯ ಹತ್ತಿರ ಬಂದು, “ಹಂಗಾದ್ರೆ ಸತ್ತೋರು ಬೇರೆ, ಬದುಕಿದ್ದೋರು ಬೇರೆನಾ?” ಎಂದರು.

ಮಹಾನಟರು ನಕ್ಕರು. ಜೀಪಿನ ಮೇಲಿನ ಅದೇ ನಗು.

“ಆ ಸಿನಿಮಾ ನೋಡಿ ನಾನೂ ಅತ್ತಿದ್ದೆ,” ಎಂದರು. “ಜೀಪಿನವನು ಮಾತ್ರ ನಾನೇ. ನಿಮ್ಮ ತಂದೆ ನನಗೆ ಕೊಟ್ಟಂಥ ಪಾತ್ರವನ್ನು ಯಾವ ನಿರ್ದೇಶಕನೂ ಕೊಡಲಿಲ್ಲ. ಇನ್ನು ಸ್ವಲ್ಪ ಗಂಜಿ ಇದೆಯಾ?”

ಸಿಟ್ಟಿಲ್ಲ, ಸೆಡವಿಲ್ಲ. ತನ್ನದಲ್ಲದ ಹೊಗಳಿಕೆಯನ್ನು ಅಷ್ಟು ಹಗುರವಾಗಿ ಇಳಿಸಿಟ್ಟು ಬಟ್ಟಲು ಮುಂದೆ ಚಾಚಿದ ಆ ಮನುಷ್ಯ ಪರದೆಯ ಮೇಲೆ ಕಂಡದ್ದಕ್ಕಿಂತ ಎತ್ತರವಾಗಿ ಕಂಡರು. ಪಾತ್ರೆಯಲ್ಲಿದ್ದದ್ದನ್ನೆಲ್ಲ ಸುರಿದೆ.

ಹೇವರ್ಡಿಗೆ ಪ್ರಕಾಶ ಕಾರು ಓಡಿಸಿದರು. ಜಿಪಿಎಸ್ ಹೆಂಗಸು ಕೊನೆಯವರೆಗೂ ಗಟ್ಟಿಯಾಗಿ ಮಾತಾಡಿದಳು. ಚೆಂಡೆಯವರ ಕೈ ಸೋತಿತ್ತು, ಶೋಭಾ ಚೇಚಿಯ ಮುಖ ನೋಡುವ ಹಾಗಿರಲಿಲ್ಲ. ಗಾಡಿ ನಿಲ್ಲಿಸಿಡಲು ಹುಡುಗರಿದ್ದಾರೆ ಎಂದು ಅವರು ಕೀಲಿಕೈ ಇಸಿದುಕೊಂಡರು. ಮಹಾನಟರು ವೇದಿಕೆ ಹತ್ತಿ, ವಿಮಾನ ತಡವಾಯಿತು, ಕ್ಷಮಿಸಬೇಕು ಎಂದು ಸಭೆಗೆ ಕೈಮುಗಿದರು. ಆ ಒಂದು ಸುಳ್ಳಿಗಾಗಿ ಅವರಿಗೆ ಇನ್ನೊಮ್ಮೆ ಜನ್ಮವಿಡೀ ಅಭಿಮಾನಿಯಾಗಲು ನಾನು ಸಿದ್ಧಳಾದೆ.

ಕಾರ್ಯಕ್ರಮ ಮುಗಿಯಿತು. ಅವರನ್ನು ಹೋಟೆಲಿಗೆ ಬಿಡಬೇಕಿತ್ತು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಚೇಚಿ ಓಡಿಬಂದು, ಪಾಪ ನೀನು ದಣಿದಿದ್ದೀಯಾ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎಲೆ ಹಾಕಿ, ಎರಡು ಬಗೆಯ ಪಾಯಸ ಬಡಿಸಿದರು. ಅವರ ಉಪಚಾರಕ್ಕೆ ಮನಸ್ಸು ತುಂಬಿಬಂತು. ಮಹಾನಟರು ಬೇರೆಯವರ ಕಾರಿನಲ್ಲಿ ಹೊರಟು ಫ್ರೀವೇ ಸೇರಿದ ಸುದ್ದಿ ಫೋನಿನಲ್ಲಿ ಬಂದ ಮೇಲೆಯೇ ಚೇಚಿ ನಮ್ಮ ಕಾರಿನ ಕೀಲಿಕೈ ವಾಪಸು ಕೊಟ್ಟದ್ದು. ಅದನ್ನೂ ನನ್ನ ಕೈಗೆ ಕೊಡಲಿಲ್ಲ, ಪ್ರಕಾಶರ ಕೈಗೆ ಕೊಟ್ಟರು.