ನೀರೊಲೆ ಹಿಂದಿನ ಹಾಡು

“ಹಾಡು ಅಂದ್ಮೇಲೆ ಎಲ್ಲ ಕಟ್ಟುಕತೆ ಕಣೇ,” ಎಂದ ನಂಜುಂಡೇಶ, ಮೂರನೆಯ ಸಲ.

“ಹಾಗಾದ್ರೆ ಕಟ್ಟುಕತೇಲಿ ನಮ್ಮನೆ ನೀರೊಲೆ ಯಾಕ್ರೀ ಬಂತು?” ಎಂದಳು ಹೆಂಡತಿ ಪ್ರೇಮಲತಾ.

ಗೂಡಲೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ನಂಜುಂಡೇಶನಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಪಂಕ್ ರಾಕ್ ಹುಚ್ಚು ಹಿಡಿದಿತ್ತು. ಗಿಟಾರು ಇವನದು, ಡ್ರಮ್ಮು ಗೆಳೆಯ ಚಂದ್ರನ್‌ದು, ಅರಚಾಟ ಇಬ್ಬರದೂ. ಮೊದಲ ಹಾಡು ‘ಮತ್ತೆ ಬಿದ್ದೆನಲ್ಲೋ’. ಬಿಟ್ಟ ಕುಡಿತಕ್ಕೆ ಮತ್ತೆ ಬಿದ್ದವನ ಗೋಳು. ಕ್ಯಾಸೆಟ್ಟಿನ ಎರಡೂ ಬದಿಗೆ ಅದೊಂದೇ. ಎರಡೂ ಬದಿ ಕೇಳಿದ ಪ್ರೇಮಲತಾ ಸೂಟ್‌ಕೇಸ್ ತಂದು ಬಾಗಿಲ ಬಳಿ ಇಟ್ಟಿದ್ದಳು.

ವರ್ಷದ ಹಿಂದೆ ಅವನು ಮಾರಿಗುಡಿಯಲ್ಲಿ ಕರ್ಪೂರ ಆರಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ. ಮುರಿದರೆ ಅವಳು ಗುಂಡ್ಲುಪೇಟೆಯ ತವರಿಗೆ ಹೋಗುವುದು, ಇವನು ಕರೆಯಲು ಬರಕೂಡದು ಎಂದೂ ಅಲ್ಲೇ ತೀರ್ಮಾನವಾಗಿತ್ತು. ಮೊನ್ನೆ ಮೊನ್ನೆ ಈ ಮಹಾರಾಯ ರಮ್ಮು ತಂದ. ಮುಚ್ಚಳ ತೆಗೆದವನು ಹೆದರಿ ಬಾಟ್ಲಿಯನ್ನು ಬಚ್ಚಲಿನ ನೀರೊಲೆ ಹಿಂದೆ ಅಡಗಿಸಿದ. ಮರುದಿನ ಮೂಗು ಮುಚ್ಚಿಕೊಂಡು ಮೂರು ಗುಟುಕು ಹಾಕಿದ, ಅತ್ತ, ಅಳುತ್ತಲೇ ಹಾಡು ಕಟ್ಟಿದ. ಅವಳಿಲ್ಲದ ಮನೆಯನ್ನು ನೆನೆದರೇ ಅವನಿಗೆ ಕೈಕಾಲು ಆಡುತ್ತಿರಲಿಲ್ಲ.

ನಂಜುಂಡೇಶ: ನೀರೊಲೆ ಎಲ್ಲರ ಮನೇಲೂ ಇರತ್ತೆ.

ಪ್ರೇಮಲತಾ: ‘ಕಾಲು ಮುರಿದ ಮಣೆ ಮೇಲೆ ಕೂತು ಕುಡಿದೆ’ ಅಂತೀರಿ. ಆ ಮಣೆನೂ ಎಲ್ಲರ ಮನೇಲಿದ್ಯಾ?

ನಂಜುಂಡೇಶ: ಅದು ಚಂದ್ರನ್ ಬರೆದ ಸಾಲು.

ಪ್ರೇಮಲತಾ: ಚಂದ್ರನ್ ನಮ್ಮನೆ ಬಚ್ಚಲಿಗೆ ಯಾವಾಗ ಬಂದಿದ್ರು?

ಅವನು ಗಿಟಾರಿನ ತಂತಿ ಬಿಗಿ ಮಾಡಿದ. ಅದು ಆಗಲೇ ಬಿಗಿಯಾಗಿತ್ತು.

ಪ್ರೇಮಲತಾ: ‘ಗಂಟಲು ಕೆಂಡ ಆಯ್ತು, ಬೆಟ್ಟ ಗಿರಗಿರ ತಿರುಗ್ತು’ ಅಂತೀರಲ್ಲ, ಇದು?

ನಂಜುಂಡೇಶ: ಸುಳ್ಳು. ಪೂರ್ತಿ ಹಾಡೇ ಸುಳ್ಳು. ಬೇಕಾದ್ರೆ ಕರ್ಪೂರ ತಾ.

ಅವಳು ಎದ್ದು ಹೋಗಿ ತಂದದ್ದು ಕರ್ಪೂರವಲ್ಲ, ಬೂದಿ ಮೆತ್ತಿದ ಬಾಟ್ಲಿ. ಅವಳು ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದಳು.

ಪ್ರೇಮಲತಾ: ನೀವು ಅಡಗಿಸಿಟ್ಟ ದಿನಾನೇ ರಮ್ಮು ಚರಂಡಿಗೆ ಹೋಯ್ತು. ಇದು ನಮ್ಮ ಫ್ಯಾಕ್ಟರಿ ಡಸ್ಟ್ ಟೀ. ಮೆಣಸು, ಶುಂಠಿ ಹಾಕಿ ಕುದಿಸಿ ತುಂಬಿಟ್ಟೆ. ನೀವಾಗೇ ಬಾಯಿಬಿಡ್ತೀರಾ ಅಂತ ಇಷ್ಟು ದಿನ ಕಾದೆ.

ನಂಜುಂಡೇಶ ಮೂಸಿದ. ಟೀ ಫ್ಯಾಕ್ಟರಿಯಿಂದ ಸಂಜೆ ಅವಳ ಸೀರೆಗೆ ಅಂಟಿ ಬರುತ್ತಿದ್ದ ಅದೇ ವಾಸನೆ. ಹಾಗಾದರೆ ಆಣೆ ಮುರಿದಿಲ್ಲ. ಕುಣಿದಾಡಬೇಕಾದ ಮನುಷ್ಯನ ಮುಖ ಇಷ್ಟುದ್ದ ಆಯಿತು.

ಪ್ರೇಮಲತಾ: ನೀವು ಹೇಳಿದ್ದೇ ಸರಿ ಬಿಡಿ. ಹಾಡು ಪೂರ್ತಿ ಸುಳ್ಳು.

ನಂಜುಂಡೇಶ: ಯಾವುದು ಸುಳ್ಳು? ಬೆಟ್ಟ ತಿರುಗಿದ್ದು ನಿಜ. ಮೂರು ಗುಟುಕಿಗೇ ಗೋಡೆ ಹಿಡ್ಕೊಂಡು ನಡೆದಿದ್ದೀನಿ. ತಪ್ಪಾಯ್ತು ಅಂತ ಅತ್ತಿದ್ದೀನಿ ಕಣೇ.

“ಅಂತೂ ಬಾಯಿಬಿಟ್ರಲ್ಲ,” ಎಂದು ಅವಳು ಸೂಟ್‌ಕೇಸ್ ಎತ್ತಿಕೊಂಡಳು.

“ಎಲ್ಲಿಗೆ?” ಎಂದ ಅವನು, ಬಾಗಿಲಿಗೆ ಅಡ್ಡ ನಿಂತು.

“ಅಟ್ಟದ ಮೇಲಿಡೋಕೆ. ಟೀ ಕುಡಿದು ತೂರಾಡಿದ ಅಂತ ಗಂಡನ್ನ ಬಿಟ್ಟು ಬಂದೆ ಅಂದ್ರೆ, ನೀನೇನು ಕುಡಿದಿದ್ದೆ ಅಂತ ನಮ್ಮಮ್ಮ ನನ್ನೇ ಕೇಳ್ತಾಳೆ.”